ಇಟ್ಟು ಕುಡಿಯುವ ರೆಡ್ ವೈನ್: ಬಾಟಲಿ ಕಾಯುತ್ತದೋ ಇಲ್ಲವೋ, ರುಚಿ ನೋಡಿ ಹೇಳುವುದು ಹೇಗೆ

ಬೆಂಗಳೂರಿನ ಎಂಆರ್‌ಪಿ ಅಂಗಡಿಗಳಲ್ಲಿ ಸಿಗುವ ರೆಡ್ ವೈನ್‌ಗಳಲ್ಲಿ ಹೆಚ್ಚಿನವು ಇಡುವುದಕ್ಕೆ ಮಾಡಿದವಲ್ಲ. ತಂದ ವರ್ಷವೇ ಕುಡಿದು ಮುಗಿಸಬೇಕು. ವೈನ್ ಹಳೆಯದಾದಷ್ಟೂ ಚೆನ್ನ ಅಂತ ನಂಬಿ, ಯಾರೋ ಉಡುಗೊರೆ ಕೊಟ್ಟ ಬಾಟಲಿಯನ್ನು ಶೋಕೇಸಿನಲ್ಲಿ ವರ್ಷಗಟ್ಟಲೆ ನಿಲ್ಲಿಸಿದ ಮನೆಗಳು ಬೇಕಾದಷ್ಟಿವೆ. ಕೊನೆಗೆ ತೆಗೆದಾಗ ಸಿಗುವುದು ಕಂದು ಬಣ್ಣದ ಹುಳಿ ನೀರು.

ಆದರೆ ಕೆಲವು ಬಾಟಲಿಗಳು ನಿಜಕ್ಕೂ ಕಾಯುತ್ತವೆ, ಕಾದಷ್ಟೂ ಹದವಾಗುತ್ತವೆ. ಅವನ್ನು ಗುರುತಿಸುವುದು ಕಲಿಯಬಹುದಾದ ಕೆಲಸ. ಇವತ್ತು ಕುಡಿಯಲು ಎಷ್ಟು ಹಿತ ಅನ್ನುವುದು ಬೇರೆ, ಮುಂದೆ ಎಷ್ಟು ತಡೆಯುತ್ತದೆ ಅನ್ನುವುದು ಬೇರೆ. ಮೊದಲನೆಯದನ್ನು ನಾಲಿಗೆ ತಕ್ಷಣ ಹೇಳುತ್ತದೆ. ಎರಡನೆಯದಕ್ಕೆ ಮೂರು ದಿನ ಬೇಕು. ಆ ಮೂರು ದಿನದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಏನು ತರಬೇಕು

ಒಬ್ಬರೇ ಮಾಡಬೇಡಿ. ನಾಲ್ಕೈದು ಜನ ಗೆಳೆಯರು ಸೇರಿ ತಲಾ ಒಂದು ಬಾಟಲಿ ತಂದರೆ ಖರ್ಚೂ ಹಂಚಿಹೋಗುತ್ತದೆ, ಹೋಲಿಸುವುದಕ್ಕೂ ಸಿಗುತ್ತದೆ. ಒಬ್ಬರಿಗೆ 50 ಮಿಲಿ ಸಾಕು. 750 ಮಿಲಿ ಬಾಟಲಿಯಲ್ಲಿ ಐದು ಜನ ರುಚಿ ನೋಡಿದ ಮೇಲೂ ಅರ್ಧಕ್ಕಿಂತ ಜಾಸ್ತಿ ಉಳಿಯಬೇಕು. ಮುಂದಿನ ಎರಡು ದಿನಕ್ಕೆ ಅದು ಬೇಕೇ ಬೇಕು.

ನಮ್ಮ ಸುತ್ತಲಿನದರಿಂದ ಶುರು ಮಾಡಿ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದವರ ಲಾ ರಿಸರ್ವ್ ಇದೆ. ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ದ್ರಾಕ್ಷಿ ಬೆರೆಸಿ, ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಡಿದ್ದು. ಫ್ರಾನ್ಸಿನ ಬೋರ್ಡೊದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ 1990ರ ದಶಕದಲ್ಲೇ ಈ ತೋಟಕ್ಕೆ ಸಲಹೆಗಾರರಾಗಿ ಬಂದಿದ್ದರು. ಕೊಪ್ಪಳದ ಕಡೆಯಿಂದ ಹಂಪಿ ಹಿಲ್ಸ್ ಹೆಸರಿನ ಕೃಷ್ಮಾ ಎಸ್ಟೇಟ್‌ನ ಕ್ಯಾಬರ್ನೆ ಬರುತ್ತದೆ. ಮಹಾರಾಷ್ಟ್ರದಿಂದ ನಾಸಿಕ್‌ನ ಸುಲಾ ರಸ ಶಿರಾಜ್, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಿಂದ ಫ್ರಾಟೆಲ್ಲಿಯವರ ಸೆಟ್ಟೆ. ಸೆಟ್ಟೆಯಲ್ಲಿ ಇಟಲಿಯ ಸಾಂಜೊವೇಸೆ ದ್ರಾಕ್ಷಿಯೂ ಕ್ಯಾಬರ್ನೆಯೂ ಸೇರಿವೆ. ಎಲ್ಲಾ ಒಟ್ಟಿಗೆ ತರಬೇಕಿಲ್ಲ. ಒಂದೇ ದ್ರಾಕ್ಷಿ, ಬೇರೆ ಬೇರೆ ಊರು ಅಂತ ಆರಿಸಿಕೊಂಡರೆ ಮಣ್ಣಿನ, ಹವೆಯ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಇವುಗಳ ಜೊತೆ ಒಂದೇ ಒಂದು ಹೊರದೇಶದ ಬಾಟಲಿ ಇರಲಿ. ತೆರಿಗೆ ಸೇರಿ ದುಬಾರಿ, ಆದರೂ ಹಂಚಿಕೊಂಡು ತರುವುದಾದರೆ ನನ್ನ ಮತ ಸ್ಪೇನಿನ ರಿಯೋಹಾ ಗ್ರಾನ್ ರಿಸರ್ವಾಕ್ಕೆ. ಅಲ್ಲಿನ ನಿಯಮದ ಪ್ರಕಾರ ಅದು ಒಟ್ಟು ಐದು ವರ್ಷ ಕಾದು, ಅದರಲ್ಲಿ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿದ್ದು, ಆಮೇಲೆ ಮಾರಾಟಕ್ಕೆ ಬರಬೇಕು. ಅಂದರೆ ಕಾಯುವ ಕೆಲಸವನ್ನು ಅವರೇ ಮಾಡಿ ಕಳಿಸಿದ್ದಾರೆ. ವಯಸ್ಸಾದ ವೈನ್ ಹೇಗಿರುತ್ತದೆ ಅಂತ ಮೂಗಿಗೆ ಪರಿಚಯ ಮಾಡಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ. ಇಟಲಿಯ ಬರೋಲೊಗೆ 38 ತಿಂಗಳು ಕಾಯುವ ನಿಯಮವಿದೆ. ಕೊಂಡ ಮೇಲೆ ಬಾಳುವುದರಲ್ಲಿ ಅದು ಇನ್ನೂ ಗಟ್ಟಿ, ಬೆಲೆಯಲ್ಲೂ ಇನ್ನೂ ಮೇಲೆ.

ಸಾಧ್ಯವಾದರೆ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನ್ ಒಂದನ್ನೂ ಇಟ್ಟುಕೊಳ್ಳಿ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಈ ತಳಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಇದೆ. ಅದರ ಘಮ ನಮಗೆಲ್ಲ ಗೊತ್ತು: ದ್ರಾಕ್ಷಿ ಜ್ಯೂಸ್, ದ್ರಾಕ್ಷಿ ಚಾಕಲೇಟಿನ ವಾಸನೆ. ಮೀಥೈಲ್ ಆಂಥ್ರಾನಿಲೇಟ್ ಅನ್ನುವ ಅಂಶ ಅದಕ್ಕೆ ಕಾರಣ. ಮೂಗಿಗೆ ಹಿತ, ಆದರೆ ನಾವಿಲ್ಲಿ ಹುಡುಕುತ್ತಿರುವ ಗುಣವೇ ಬೇರೆ. ಪಕ್ಕದಲ್ಲಿ ಇಟ್ಟಾಗ ಆ ವ್ಯತ್ಯಾಸ ಮೂಗಿಗೇ ತಿಳಿಯುತ್ತದೆ.

ಅಂಗಡಿಯಲ್ಲಿ ಮೂರು ವಿಷಯ ನೋಡಿ. ಟ್ಯೂಬ್‌ಲೈಟ್ ಕೆಳಗೆ ತಿಂಗಳುಗಟ್ಟಲೆ ನಿಂತ ಬಾಟಲಿ ಬೇಡ; ಒಳಗಿನ ಬಾಕ್ಸಿನಿಂದ ಕೊಡಿ ಅಂತ ಕೇಳಿ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಬಳಿ ಅಂಟಂಟು ಜಿನುಗಿದ್ದರೆ ಅದು ಬಿಸಿಲು ತಿಂದ ಸರಕು. ಇನ್ನು ಲೇಬಲ್ ಮೇಲಿನ ವರ್ಷ. ವರ್ಷವೇ ಇಲ್ಲದ ಬಾಟಲಿಯನ್ನು ಇಡುವ ಲೆಕ್ಕದಲ್ಲಿ ಕೊಳ್ಳಬೇಡಿ. ಚಿನ್ನದ ಬಣ್ಣದ ಪದಕದ ಸ್ಟಿಕ್ಕರ್ ನೋಡಿ ಮರುಳಾಗುವುದೂ ಬೇಡ. ಪದಕ ಕೊಟ್ಟವರು ಆ ದಿನ ಕುಡಿದು ಕೊಟ್ಟಿದ್ದಾರೆ, ಅಷ್ಟೇ.

ನಮ್ಮ ಕಡೆಯ ಬಳ್ಳಿ ಹೇಗೆ ಬೇರೆ

ಇದನ್ನು ತಿಳಿದರೆ ಬಾಯಲ್ಲಿ ಏನು ಹುಡುಕಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲ ಪೂರ್ತಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ವಿಜಯಪುರದ ಕಡೆ ರೈತರು ಚಾಟ್ನಿ ಅನ್ನುವುದು ಇದನ್ನೇ. ಏಪ್ರಿಲ್ ಸುಮಾರಿಗೆ ಒಂದು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು. ಎರಡನೆಯ ಚಾಟ್ನಿಯ ಮೇಲೆ ಬರುವ ಹಣ್ಣು ಫೆಬ್ರವರಿ, ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ.

ಅಂದರೆ ಹಣ್ಣು ಮಾಗುವ ಕೊನೆಯ ವಾರಗಳಲ್ಲೇ ಬಿಸಿಲು ಏರುತ್ತಿರುತ್ತದೆ. ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಹುಳಿ ಉಳಿಸಲು ಬೇಗ ಕೊಯ್ದರೆ ಸಿಪ್ಪೆ, ಬೀಜ ಪೂರ್ತಿ ಮಾಗಿರುವುದಿಲ್ಲ. ತಡ ಮಾಡಿದರೆ ಆಲ್ಕೋಹಾಲ್ ಜಾಸ್ತಿ, ಹುಳಿ ಕಡಿಮೆ. ನಂದಿಯಂಥ ಎತ್ತರದ ಜಾಗದಲ್ಲಿ ರಾತ್ರಿ ತಂಪಾಗಿರುವುದರಿಂದ ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಕೊಪ್ಪಳದಲ್ಲಿ ಅಷ್ಟೂ ಇಲ್ಲ, ಅಲ್ಲಿ ತೋಟ ನೋಡಿಕೊಳ್ಳುವವರ ಕೈಚಳಕದ ಮೇಲೆ ಎಲ್ಲಾ ನಿಂತಿದೆ. ಆದ್ದರಿಂದ ಕರ್ನಾಟಕದ ರೆಡ್ ಬಾಯಿಗೆ ಹಾಕಿಕೊಂಡಾಗ ಮೊದಲು ಕೇಳಬೇಕಾದ್ದು: ಒಗರು ಮಾಗಿದೆಯಾ? ಹುಳಿ ಒಳಗಿನಿಂದಲೇ ಬಂದಿದೆಯಾ?

ಮನೆಯಲ್ಲಿ ತಯಾರಿ

ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ಹೊಟ್ಟೆ ಸ್ವಲ್ಪ ಹಸಿದಿರುತ್ತದೆ, ನಾಲಿಗೆ ಚುರುಕಾಗಿರುತ್ತದೆ. ಕಾಫಿ ಕುಡಿದು ಒಂದು ಗಂಟೆಯಾದರೂ ಆಗಿರಲಿ. ಅಡುಗೆಮನೆಯಲ್ಲಿ ಒಗ್ಗರಣೆ ಬೇಡ, ಊದುಬತ್ತಿ ಬೇಡ, ಸೆಂಟ್ ಬೇಡ. ಮಲ್ಲಿಗೆ ಮುಡಿದು ಬಂದವರನ್ನು ಸ್ವಲ್ಪ ದೂರ ಕೂರಿಸಿ.

ಗ್ಲಾಸ್ ಬಾಯಿ ಕಡೆ ಕಿರಿದಾಗಿರಬೇಕು, ಎಲ್ಲರದ್ದೂ ಒಂದೇ ಥರ ಇರಬೇಕು. ಬೀರುವಿನಿಂದ ತೆಗೆದದ್ದಾದರೆ ಮೊದಲು ಖಾಲಿ ಗ್ಲಾಸನ್ನೇ ಮೂಸಿ ನೋಡಿ. ನುಸಿಗುಳಿಗೆಯ ವಾಸನೆಯೋ ಪಾತ್ರೆ ಸೋಪಿನ ವಾಸನೆಯೋ ಇರುವುದು ಸಾಮಾನ್ಯ. ಬಿಸಿನೀರಲ್ಲಿ ತೊಳೆದು, ಒರೆಸದೆ ಆರಲು ಬಿಡಿ.

ರೆಡ್ ವೈನ್ ರೂಮಿನ ಬಿಸಿಯಲ್ಲಿ ಕುಡಿಯಬೇಕು ಅನ್ನುವ ಮಾತು ಯುರೋಪಿನ ಹಳೆಯ ತಣ್ಣನೆಯ ಮನೆಗಳದ್ದು. ಏಪ್ರಿಲ್‌ನಲ್ಲಿ ರಾಜಾಜಿನಗರದ ಮಹಡಿ ಮನೆಯ ರೂಮು 30 ಡಿಗ್ರಿ ದಾಟಿರುತ್ತದೆ. ಆ ಬಿಸಿಗೆ ಆಲ್ಕೋಹಾಲಿನ ಘಾಟು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. 16ರಿಂದ 18 ಡಿಗ್ರಿ ಸರಿ. ಫ್ರಿಜ್‌ನಲ್ಲಿ ಒಂದೂವರೆಯಿಂದ ಎರಡು ಗಂಟೆ ಇಟ್ಟು ತೆಗೆದರೆ ಹತ್ತಿರ ಹತ್ತಿರ ಅಲ್ಲಿಗೆ ಬರುತ್ತದೆ.

ಬಾಟಲಿಗಳಿಗೆ ಹಳೇ ಪೇಪರ್ ಸುತ್ತಿ ನಂಬರ್ ಹಾಕಿ. ಬೆಲೆ ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ. ಉಗಿಯಲು ಒಂದೊಂದು ಸ್ಟೀಲ್ ಲೋಟ ಕೊಡಿ. ಉಗಿಯುವುದು ಅಂದರೆ ನಮ್ಮವರಿಗೆ ಮುಜುಗರ, ಆದರೆ ಐದು ವೈನ್ ನುಂಗಿದವರ ಅಭಿಪ್ರಾಯ ಕೊನೆಗೆ ಯಾವ ಕೆಲಸಕ್ಕೂ ಬರುವುದಿಲ್ಲ. ನೀರು, ಸಪ್ಪೆ ಬ್ರೆಡ್ ಇರಲಿ. ಖಾರಾ ಮಿಕ್ಸ್ಚರ್, ಮೆಣಸಿನಕಾಯಿ ಬಜ್ಜಿ ಎಲ್ಲಾ ಮುಗಿದ ಮೇಲೆ. ಖಾರ ತಿಂದ ಬಾಯಿಗೆ ಒಗರೂ ಆಲ್ಕೋಹಾಲೂ ಎರಡು ಪಟ್ಟು ಉರಿಯುತ್ತವೆ.

ಕಣ್ಣು

ಬೇಗ ಮುಗಿಸಿ. ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆ ಮಾಡಿ ಅಂಚಿನ ಬಣ್ಣ ನೋಡಿ. ಎಳೆಯ ವೈನಿನ ಅಂಚು ನೇರಳೆ. ವಯಸ್ಸಾದಂತೆ ಕೆಂಪು, ಆಮೇಲೆ ಇಟ್ಟಿಗೆ ಬಣ್ಣ, ಕೊನೆಗೆ ಕಂದು. ಎರಡೇ ವರ್ಷದ ಶಿರಾಜ್‌ನ ಅಂಚು ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಅದು ಓಡುತ್ತಾ ಮುದಿಯಾಗುತ್ತಿದೆ ಅಂತ ಅರ್ಥ. ಬಣ್ಣ ಗಾಢ ಇದ್ದ ಮಾತ್ರಕ್ಕೆ ಬಾಳಿಕೆ ಬರುತ್ತದೆ ಅಂದುಕೊಳ್ಳಬೇಡಿ. ಬರೋಲೊ ಮಾಡುವ ನೆಬ್ಬಿಯೋಲೊ ದ್ರಾಕ್ಷಿಯ ಬಣ್ಣ ಎಳೆಯದಿರುವಾಗಲೇ ತೆಳು, ಅಂಚು ಬೇಗ ಇಟ್ಟಿಗೆಯಾಗುತ್ತದೆ. ಆದರೂ ದಶಕಗಟ್ಟಲೆ ಬಾಳುತ್ತದೆ.

ಮೂಗು

ಮೊದಲು ಗ್ಲಾಸ್ ಅಲ್ಲಾಡಿಸದೆ ಮೂಸಿ. ಕೆಟ್ಟಿದ್ದು ಗೊತ್ತಾಗುವುದು ಇಲ್ಲೇ. ನೆನೆದ ಗೋಣಿಚೀಲ, ಒದ್ದೆ ಪೇಪರ್ ವಾಸನೆ ಬಂದರೆ ಬಿರಡೆಯಿಂದ ಟಿಸಿಎ ಅನ್ನುವ ಅಂಶ ಇಳಿದಿದೆ; ಆರೋಗ್ಯಕ್ಕೆ ತೊಂದರೆ ಇಲ್ಲ, ಆದರೆ ರುಚಿ ನೋಡುವುದರಲ್ಲಿ ಅರ್ಥವೂ ಇಲ್ಲ. ನೇಲ್ ಪಾಲಿಶ್ ರಿಮೂವರ್ ವಾಸನೆ ಜೋರಾಗಿದ್ದರೆ ವಿನೆಗರ್ ಆಗುವ ದಾರಿಯಲ್ಲಿದೆ. ಕೊಟ್ಟಿಗೆಯ ವಾಸನೆ ಬ್ರೆಟ್ ಅನ್ನುವ ಯೀಸ್ಟ್‌ನದ್ದು, ಸ್ವಲ್ಪ ಇದ್ದರೆ ಕೆಲವರಿಗೆ ಇಷ್ಟ, ನನಗಿಲ್ಲ. ಗೀಚಿದ ಬೆಂಕಿಕಡ್ಡಿಯ ವಾಸನೆ ಮಾತ್ರ ಇದ್ದರೆ ಗಾಬರಿ ಬೇಡ. ತಿರುಗು ಮುಚ್ಚಳದ ಬಾಟಲಿಗಳಲ್ಲಿ ಅದು ಆಗಾಗ ಇರುತ್ತದೆ, ಗಾಳಿ ತಾಗಿದರೆ ಹೋಗುತ್ತದೆ.

ಈಗ ಗ್ಲಾಸ್ ಗಿರ್ರನೆ ತಿರುಗಿಸಿ ಮತ್ತೆ ಮೂಸಿ. ಮೂರು ಗುಂಪು ಮಾಡಿಕೊಳ್ಳಿ: ಹಣ್ಣಿನ ವಾಸನೆ, ಮರದ ವಾಸನೆ, ವಯಸ್ಸಿನ ವಾಸನೆ. ನೇರಳೆ, ಪ್ಲಮ್, ಕಾಳುಮೆಣಸು, ಹಸಿ ದಪ್ಪಮೆಣಸಿನಕಾಯಿ ಮೊದಲ ಗುಂಪು. ವೆನಿಲಾ, ಲವಂಗ, ಒಣಕೊಬ್ಬರಿ, ಹೊಗೆ ಓಕ್‌ನಿಂದ ಬಂದವು. ಚರ್ಮ, ತಂಬಾಕು, ಒಣ ಅಣಬೆ, ಒಣದ್ರಾಕ್ಷಿ, ಮಳೆ ಬಿದ್ದ ಮಣ್ಣು ವಯಸ್ಸಿನವು. ರಿಯೋಹಾದಲ್ಲಿ ಮೂರನೆಯ ಗುಂಪು ಚೆನ್ನಾಗಿ ಸಿಗುತ್ತದೆ, ಅಲ್ಲಿ ಕಲಿಯಿರಿ.

ಶಿರಾಜ್‌ನ ಕಾಳುಮೆಣಸಿನ ಘಮ ಪಕ್ಕದವರಿಗೆ ಸಿಕ್ಕಿ ನಿಮಗೆ ಸಿಗದಿದ್ದರೆ ಬೇಜಾರಾಗಬೇಡಿ. ಅದಕ್ಕೆ ಕಾರಣವಾದ ರೊಟಂಡೋನ್ ಅನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಗುರುತಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ ಅಂತಲೂ ಆಗಲೇ ಕಂಡುಬಂತು. ಹಾಗಾಗಿ ವಾಸನೆಯ ವಿಷಯದಲ್ಲಿ ಜಗಳ ಸುಮ್ನೆ ದಂಡ.

ಇಡುವ ದೃಷ್ಟಿಯಿಂದ ನೋಡಬೇಕಾದ್ದು ಇಷ್ಟು: ಎಳೆಯ ವೈನಿನಲ್ಲಿ ಹಣ್ಣಿನ ವಾಸನೆ ಮರದ ವಾಸನೆಗಿಂತ ಮುಂದಿರಬೇಕು. ಬರೀ ವೆನಿಲಾ, ಕೊಬ್ಬರಿ ಬರುತ್ತಿದ್ದರೆ ಐದು ವರ್ಷ ಬಿಟ್ಟರೂ ವೆನಿಲಾ, ಕೊಬ್ಬರಿಯೇ ಬರುವುದು. ಹಣ್ಣಿನ ವಾಸನೆ ಬೇಯಿಸಿದ ಜಾಮ್ ಥರ ಇದ್ದರೆ ತೋಟದಲ್ಲೋ ಗೋದಾಮಿನಲ್ಲೋ ಬಿಸಿಲು ಜಾಸ್ತಿಯಾಗಿದೆ. ಅದನ್ನೂ ಇಡಬೇಡಿ.

ಬಾಯಿ

ಇಲ್ಲಿ ನಿಧಾನ ಬೇಕು. ಒಂದು ಗುಟುಕು ತೆಗೆದುಕೊಂಡು ಹತ್ತು ಸೆಕೆಂಡ್ ಒಳಗೇ ಆಡಿಸಿ. ಒಸಡು, ಕೆನ್ನೆಯ ಒಳಭಾಗ, ನಾಲಿಗೆಯ ಅಡಿ, ಎಲ್ಲಾ ಕಡೆ ತಾಗಲಿ. ಆಮೇಲೆ ಉಗಿಯಿರಿ.

ಮೊದಲು ಹುಳಿ. ಉಗಿದ ಮೇಲೆ ತಲೆ ಸ್ವಲ್ಪ ಬಗ್ಗಿಸಿ ಕೂತರೆ ಜೊಲ್ಲು ಎಷ್ಟು ಬೇಗ ಊರುತ್ತದೆ ಅಂತ ಗೊತ್ತಾಗುತ್ತದೆ. ಬೇಗ ಊರಿದರೆ ಹುಳಿ ಇದೆ. ಹುಳಿ ಇಲ್ಲದ ರೆಡ್ ಇವತ್ತು ಮೆತ್ತಗೆ, ಹಿತವಾಗಿ ಕಾಣಬಹುದು, ಎರಡು ವರ್ಷಕ್ಕೆ ಕುಸಿಯುತ್ತದೆ. ಬಿಸಿ ಪ್ರದೇಶಗಳಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸುವುದು ಮಾಮೂಲಿ, ಅದು ಮೋಸ ಏನಲ್ಲ. ಚೆನ್ನಾಗಿ ಸೇರಿಸಿದರೆ ಗೊತ್ತೂ ಆಗುವುದಿಲ್ಲ. ಸರಿಯಾಗಿ ಕೂಡದಿದ್ದರೆ ಹಣ್ಣಿನ ರುಚಿ ಒಂದು ಕಡೆ, ಹುಳಿ ಇನ್ನೊಂದು ಕಡೆ ನಿಂತಿರುತ್ತದೆ. ವೈನರಿಯವರು ವಿವರಪತ್ರ ಕೊಟ್ಟರೆ ಪಿಎಚ್ ನೋಡಿ; ಅದು ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಜಾಸ್ತಿ. 3.5ರಿಂದ 3.7ರ ಆಸುಪಾಸು ಇದ್ದರೆ ನೆಮ್ಮದಿ. 3.9ರ ಹತ್ತಿರ ಹೋಗಿದ್ದರೆ ಇಡುವ ಆಸೆ ಬಿಡಿ.

ಆಮೇಲೆ ಒಗರು. ಹಸಿ ಅಡಿಕೆ ಅಗಿದಾಗ ಒಸಡು ಹಿಡಿದುಕೊಳ್ಳುತ್ತಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್‌ನಿಂದ ಬರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ವೈನನ್ನು ವರ್ಷಗಳ ಕಾಲ ಕಾಪಾಡುವುದೂ ಇದೇ ಟ್ಯಾನಿನ್. ಕಾಲ ಕಳೆದಂತೆ ಟ್ಯಾನಿನ್ ಒಂದಕ್ಕೊಂದು, ಬಣ್ಣದ ಅಂಶಕ್ಕೂ ಕೂಡಿಕೊಂಡು ದೊಡ್ಡದಾಗುತ್ತಾ, ಒಂದಷ್ಟು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಒಗರು ಮೆತ್ತಗಾಗುವುದು, ಬಣ್ಣ ತಿರುಗುವುದು ಎರಡೂ ಹೀಗೆಯೇ.

ಆದರೆ ಎಷ್ಟು ಒಗರು ಅನ್ನುವುದಕ್ಕಿಂತ ಎಂಥ ಒಗರು ಅನ್ನುವುದು ದೊಡ್ಡ ಪ್ರಶ್ನೆ. ಒಸಡಿನ ಮೇಲೆ ಸಮನಾಗಿ, ನುಣ್ಣಗೆ ಹರಡಿದರೆ ಮಾಗಿದ ಒಗರು. ಎಷ್ಟು ಬಲವಾಗಿದ್ದರೂ ಪರವಾಗಿಲ್ಲ, ಕಾಲ ಅದನ್ನು ನೋಡಿಕೊಳ್ಳುತ್ತದೆ. ನಾಲಿಗೆಯ ಹಿಂಭಾಗದಲ್ಲಿ ಕಹಿಯಾಗಿ, ಹಸಿ ಕಾಯಿಯ ಥರ ಗೀರಿದರೆ ಬೇಗ ಕೊಯ್ದ ಹಣ್ಣು. ಈ ಹಸಿತನ ವರ್ಷ ಕಳೆದರೂ ಹೋಗುವುದಿಲ್ಲ. ನಮ್ಮ ರಾಜ್ಯದ ವೈನ್‌ಗಳಲ್ಲಿ ನಾನು ಹೆಚ್ಚಾಗಿ ನಂಬರ್ ಕಡಿಮೆ ಕೊಡುವುದು ಇದಕ್ಕೇ. ಕೊನೆಯಲ್ಲಿ ಬಾಯಿ ಪೂರ್ತಿ ಒಣಗಿ, ಮರದ ಪುಡಿ ತಿಂದಂತಾದರೆ ಅದು ಓಕ್ ಜಾಸ್ತಿಯಾದ ಲಕ್ಷಣ. ನೆನಪಿಡಿ, ಒಗರು ಗುಟುಕಿನಿಂದ ಗುಟುಕಿಗೆ ಬಾಯಲ್ಲಿ ಸೇರುತ್ತಾ ಹೋಗುತ್ತದೆ. ನಡುವೆ ಒಂದೆರಡು ನಿಮಿಷ ಬಿಡಿ, ಬ್ರೆಡ್ ತಿನ್ನಿ. ಇಲ್ಲದಿದ್ದರೆ ಕೊನೆಯ ವೈನಿಗೆ ಅನ್ಯಾಯವಾಗುತ್ತದೆ.

ಮೂರನೆಯದು ಹಣ್ಣು. ಹುಳಿ, ಒಗರು ಎರಡೂ ಇದ್ದು ನಡುವೆ ಹಣ್ಣಿನ ತಿರುಳೇ ಇಲ್ಲದ ವೈನ್‌ಗಳಿವೆ. ಗಡುಸಾಗಿವೆ, ಆದ್ದರಿಂದ ಇಟ್ಟರೆ ಸರಿಯಾಗುತ್ತವೆ ಅಂತ ಅಂಗಡಿಯವರೂ ಹೇಳುತ್ತಾರೆ, ಗೆಳೆಯರೂ ಹೇಳುತ್ತಾರೆ. ಆಗುವುದಿಲ್ಲ. ಒಗರು ಕರಗುವ ಹೊತ್ತಿಗೆ ಹಣ್ಣು ಅದಕ್ಕಿಂತ ಮೊದಲೇ ಹೋಗಿರುತ್ತದೆ, ಗ್ಲಾಸಿನಲ್ಲಿ ಉಳಿಯುವುದು ಬರೀ ಹುಳಿ. ಇಟ್ಟು ಕಾಯಬೇಕಾದ ವೈನ್ ಎಳೆಯದಿರುವಾಗಲೂ ಒಗರಿನ ಹಿಂದೆ ಹಣ್ಣು ತುಂಬಿಕೊಂಡಿರಬೇಕು.

ಆಲ್ಕೋಹಾಲ್ ಗಂಟಲಲ್ಲಿ ಸುಟ್ಟರೆ ಅದೂ ವಯಸ್ಸಿನಿಂದ ಕಡಿಮೆಯಾಗುವುದಿಲ್ಲ. ಇನ್ನು ಉಗಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ಎಣಿಸಿ. ಐದಕ್ಕೆ ಮುಗಿದರೆ ಸಾಧಾರಣ. ಹದಿನೈದು ದಾಟಿದರೆ ಆ ನಂಬರಿಗೆ ಗುರುತು ಹಾಕಿಕೊಳ್ಳಿ. ಎಣಿಸಬೇಕಾದ್ದು ಹಣ್ಣಿನ ರುಚಿಯನ್ನು, ಒಗರನ್ನಲ್ಲ.

ಬರೆದಿಡುವುದು

ಇಪ್ಪತ್ತಕ್ಕೆ, ನೂರಕ್ಕೆ ಅಂಕ ಹಾಕುವ ಪದ್ಧತಿಗಳಿವೆ. ಬೇಕಾದರೆ ಹಾಕಿ. ವರ್ಷ ಬಿಟ್ಟು ನೋಡಿದಾಗ 86 ಅಂದರೆ ಏನು ಅಂತ ನಿಮಗೇ ಹೊಳೆಯುವುದಿಲ್ಲ. ಅದಕ್ಕಿಂತ ಮೂರು ಸಾಲು ಬರೆಯಿರಿ. ನನ್ನ ಟಿಪ್ಪಣಿ ಹೀಗಿರುತ್ತದೆ: "ನಂ. 3. ನೇರಳೆ, ಮೆಣಸು, ಓಕ್ ಹಿಂದೆ ಇದೆ. ಹುಳಿ ಚೆನ್ನಾಗಿದೆ, ಒಗರು ಬಲವಾಗಿದೆ ಆದರೆ ನುಣ್ಣಗಿದೆ, ನಡುವೆ ಹಣ್ಣು ಸಾಲದು. ಎರಡು ವರ್ಷ, ಅದಕ್ಕಿಂತ ಜಾಸ್ತಿ ಬೇಡ." ಕೊನೆಯ ವಾಕ್ಯ ಮುಖ್ಯ. ತಪ್ಪಾದರೂ ಪರವಾಗಿಲ್ಲ, ಎಷ್ಟು ವರ್ಷ ಇಡಬಹುದು ಅನ್ನುವ ಅಂದಾಜು ಹಾಕಲೇಬೇಕು. ಎಲ್ಲರೂ ಬರೆದಾದ ಮೇಲೆ ಮಾತಾಡಿ. ಮೊದಲೇ ಮಾತಾಡಿದರೆ ಗಟ್ಟಿ ದನಿಯವರ ಅಭಿಪ್ರಾಯವೇ ಎಲ್ಲರ ಪುಸ್ತಕದಲ್ಲೂ ಇರುತ್ತದೆ, ಅಲ್ವಾ?

ಎರಡನೇ ದಿನ, ಮೂರನೇ ದಿನ

ಉಳಿದ ಬಾಟಲಿಗಳಿಗೆ ಬಿರಡೆ ಒತ್ತಿ ಫ್ರಿಜ್‌ನಲ್ಲಿಡಿ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ವೈನ್ ಉಳಿದಿರಲಿ, ಇಲ್ಲದಿದ್ದರೆ ಗಾಳಿಯ ಲೆಕ್ಕ ತಪ್ಪುತ್ತದೆ. ಸೋಮವಾರ ಸಂಜೆ ಮುಕ್ಕಾಲು ಗಂಟೆ ಮೊದಲು ಹೊರಗೆ ತೆಗೆದು ಮತ್ತೆ ರುಚಿ ನೋಡಿ. ಮಂಗಳವಾರ ಇನ್ನೊಮ್ಮೆ. ಪೇಪರ್ ಬಿಚ್ಚಬೇಡಿ.

ಭಾನುವಾರ ಎಲ್ಲರ ಮನ ಗೆದ್ದ ಮೆತ್ತನೆಯ ಬಾಟಲಿ ಸೋಮವಾರಕ್ಕೆ ಸಪ್ಪೆಯಾಗಿ, ಮಂಗಳವಾರ ಒಣದ್ರಾಕ್ಷಿ, ವಿನೆಗರ್ ವಾಸನೆಗೆ ಬಂದಿರುವುದು ಬಹಳ ಸಲ ಆಗುತ್ತದೆ. ಮೊದಲ ದಿನ ಬಾಯಿ ಕಟ್ಟಿಹಾಕಿದ, ಯಾರಿಗೂ ಬೇಡವಾಗಿದ್ದ ಬಾಟಲಿಯೊಂದು ಎರಡನೇ ದಿನ ತೆರೆದುಕೊಂಡು, ಮೂರನೇ ದಿನವೂ ಹಣ್ಣು ಬಿಟ್ಟುಕೊಡದೆ ನಿಂತಿರುತ್ತದೆ. ಇಡಬೇಕಾದ್ದು ಅದನ್ನು.

ಈ ಪರೀಕ್ಷೆಗೂ ಮಿತಿ ಇದೆ. ಒಂದು ದಿನ ಅಂದರೆ ಇಷ್ಟು ವರ್ಷ ಅಂತ ಲೆಕ್ಕ ಹಾಕಲು ಆಗುವುದಿಲ್ಲ. ತೆರೆದ ಬಾಟಲಿಗೆ ಒಂದೇ ಸಲ ನುಗ್ಗುವ ಗಾಳಿಯೂ ಬಿರಡೆಯ ಮೂಲಕ ವರ್ಷಗಟ್ಟಲೆ ಚೂರು ಚೂರೇ ಒಳಗೆ ಹೋಗುವ ಗಾಳಿಯೂ ಒಂದೇ ಕೆಲಸ ಮಾಡುವುದಿಲ್ಲ. ಆದರೆ ಗಾಳಿಯನ್ನು ಎರಡು ದಿನ ತಡೆಯಲಾಗದ್ದು ಐದು ವರ್ಷ ತಡೆದದ್ದನ್ನು ನಾನಂತೂ ಕಂಡಿಲ್ಲ.

ಬೆಂಗಳೂರಿನಲ್ಲಿ ಇಡುವುದು

ಗೆದ್ದ ವೈನನ್ನು ಕನಿಷ್ಠ ಮೂರು ಬಾಟಲಿ ತನ್ನಿ, ಅದೇ ವರ್ಷದ್ದು. ಎರಡು ವರ್ಷಕ್ಕೊಂದು ತೆಗೆದರೆ ಅದು ಎತ್ತ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಒಂದೇ ಬಾಟಲಿ ಇದ್ದರೆ ತೆಗೆಯಲು ಮನಸ್ಸೂ ಬರುವುದಿಲ್ಲ, ಹೊತ್ತೂ ಮೀರಿಹೋಗುತ್ತದೆ.

ಬೇಕಾದ್ದು 12ರಿಂದ 15 ಡಿಗ್ರಿ, ಕತ್ತಲು, ಅಲುಗಾಟವಿಲ್ಲದ ಜಾಗ. ನಮ್ಮೂರ ಹವೆ ತಂಪು ಅನ್ನುವ ಹೆಮ್ಮೆ ವೈನಿಗೆ ಸಾಲದು. ನವೆಂಬರ್‌ನಿಂದ ಜನವರಿವರೆಗೆ ಹೇಗೋ ನಡೆಯುತ್ತದೆ, ಮಾರ್ಚ್ ಬಂತೆಂದರೆ ಮುಗಿಯಿತು. 2016ರ ಏಪ್ರಿಲ್‌ನಲ್ಲಿ ನಗರ 39.2 ಡಿಗ್ರಿ ಕಂಡಿದೆ. ಒಂದಕ್ಕಿಂತ ಹೆಚ್ಚು ಡಜನ್ ಇಡುವವರು ಸಣ್ಣ ವೈನ್ ಫ್ರಿಜ್ ಕೊಳ್ಳುವುದೇ ಸರಿ. ಅಷ್ಟು ಬೇಡ ಅನ್ನುವವರು ಪಶ್ಚಿಮದ ಗೋಡೆಗೆ ತಾಗದ, ನೆಲಮಹಡಿಯ ಒಳಗಿನ ಬೀರುವಿನ ತಳದಲ್ಲಿ, ಥರ್ಮಾಕೋಲ್ ಪೆಟ್ಟಿಗೆಯೊಳಗೆ ಮಲಗಿಸಿ ಇಡಿ. ಹಾಗಿಟ್ಟದ್ದಕ್ಕೆ ನಿಮ್ಮ ಟಿಪ್ಪಣಿಯ ವರ್ಷವನ್ನು ಅರ್ಧ ಮಾಡಿಕೊಳ್ಳಿ. ನಾಲ್ಕು ವರ್ಷ ಅಂತ ಬರೆದಿದ್ದರೆ ಎರಡು. ಇದು ನನ್ನ ಕೈಲೆಕ್ಕ, ಆದರೆ ಕೈಕೊಟ್ಟಿಲ್ಲ. ಅಡುಗೆಮನೆಯ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ.

ನಮ್ಮ ನಂದಿ, ಹಂಪಿ ಕಡೆಯ ಒಳ್ಳೆಯ ರೆಡ್‌ಗಳಿಗೂ ಸರಿಯಾದ ತಂಪಿನಲ್ಲಿ ಕೊಯ್ಲಿನಿಂದ ಐದಾರು ವರ್ಷ ಅಂತ ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಕೆಲವು ಇನ್ನೂ ಮುಂದೆ ಹೋಗಬಹುದು. ಅದನ್ನು ಲೇಬಲ್ ಹೇಳುವುದಿಲ್ಲ, ನಿಮ್ಮ ಎರಡನೇ ಬಾಟಲಿ ಹೇಳುತ್ತದೆ.

ಇಟ್ಟದ್ದನ್ನು ತೆಗೆಯುವ ದಿನ

ಹಿಂದಿನ ದಿನವೇ ಬಾಟಲಿಯನ್ನು ನೇರ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲಿ. ಹಳೇ ಬಿರಡೆ ಪುಡಿಯಾಗುತ್ತದೆ, ಆದ್ದರಿಂದ ಸ್ಕ್ರೂವನ್ನು ನಿಧಾನಕ್ಕೆ ಪೂರ್ತಿ ಇಳಿಸಿ ಎಳೆಯಿರಿ. ಮೊಬೈಲ್ ಟಾರ್ಚನ್ನು ಕತ್ತಿನ ಕೆಳಗೆ ಹಿಡಿದು ಒಂದೇ ಓಘದಲ್ಲಿ ಜಗ್ಗಿಗೆ ಬಗ್ಗಿಸಿ, ಗಸಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ. ಎಳೆಯ ವೈನಿಗೆ ಒಂದೆರಡು ಗಂಟೆ ಗಾಳಿ ಒಳ್ಳೆಯದು, ಹಳೆಯದಕ್ಕೆ ಬೇಡ. ಹತ್ತು ನಿಮಿಷದಲ್ಲಿ ಅದರ ಘಮ ಹಾರಿಹೋಗಬಹುದು. ಹಳೇ ಟಿಪ್ಪಣಿ ತೆಗೆದು ಪಕ್ಕದಲ್ಲಿಟ್ಟುಕೊಂಡು ಮೊದಲ ಗುಟುಕು ಕುಡಿಯಿರಿ. ಊಟಕ್ಕೆ ಖಾರ ಕಡಿಮೆ ಹಾಕಿದ, ಕಾಳುಮೆಣಸಿನ ಮಟನ್ ಆಗಬಹುದು. ಸಸ್ಯಾಹಾರಿಗಳಿಗೆ ತುಪ್ಪದಲ್ಲಿ ಹುರಿದ ಅಣಬೆ. ಗಸಿ ಉಳಿದ ಕೊನೆಯ ಅರ್ಧ ಲೋಟವನ್ನು ಸೋಸಿ ಆ ಮಟನ್‌ಗೇ ಹಾಕಿ.